ಕಿಮೋನೋದ ಒಳಮಡಿಕೆ

ಅರಬ್ಬರ ನಾಡಿನ ಎಣ್ಣೆಯೂರು ಅಬ್ಕೈಕ್‌ನಿಂದ ಹೊಫೂಫಿಗೆ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ. ಇದನ್ನು ಪ್ರವಾಸವೆಂದು ಕರೆಯಲು ಸ್ವಲ್ಪ ಧೈರ್ಯ ಬೇಕು. ಆದರೂ ಆ ಶನಿವಾರ ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ತೊಟ್ಟು, ದಿಗ್ವಿಜಯಕ್ಕೆ ಹೊರಟವನಂತೆ ಕಾರು ಹತ್ತಿದೆ. ಪಕ್ಕದಲ್ಲಿ ನಮ್ಮ ಸ್ಥಾವರದ ಜಪಾನೀ ಎಂಜಿನಿಯರ್ ಮೊರಿತಾ. ಅವರ ಮಡಿಲಲ್ಲಿ ಒಂದು ಗಂಟು, ಗಂಟಿನೊಳಗೆ ತೀರಿಹೋದ ಹೆಂಡತಿಯ ರೇಷ್ಮೆ ಕಿಮೋನೋ. ಮುಂದಿನ ವಾರ ಅವರು ನಿವೃತ್ತರಾಗಿ ಊರಿಗೆ ಹೊರಡುವವರು. ತನ್ನ ಮದುವೆಯಲ್ಲಿ ಅಮ್ಮನದನ್ನೇ ಉಡುತ್ತೇನೆಂದು ಮಗಳು ಹಟ ಹಿಡಿದಿದ್ದಳು. ತೋಳು ಕೂಡುವಲ್ಲಿ ಹೊಲಿಗೆ ಬಿಟ್ಟಿತ್ತು. ನಾಲ್ಕು ಹೊಲಿಗೆ ಹಾಕಲು ಹೊಫೂಫಿನಲ್ಲಿ ನಮ್ಮ ಉಳ್ಳಾಲದ ದರ್ಜಿ ಹಮೀದ್ ಇದ್ದಾನಲ್ಲ ಎಂದು ಹೇಳಿದವನು ನಾನು.

ಹಮೀದ್ ಅದನ್ನು ಬಿಡಿಸಿ ಹಿಡಿದ. "ಇದೆಂತ ಮಾರಾಯ್ರೆ, ಲುಂಗಿಗೆ ಕೈ ಬಂದ ಹಾಗೆ ಉಂಟು. ಅಸರ್ ನಮಾಜ್ ಆದ ಮೇಲೆ ಬನ್ನಿ. ನಿಮ್ಮ ದೋಸ್ತಿಯದ್ದಲ್ವಾ, ಚಂದ ಮಾಡಿ ಕೊಡ್ತೇನೆ."

ನಾವು ಹಳೆಯ ಪೇಟೆ, ಸೂಕಿನೊಳಗೆ ಅಲೆದೆವು. ಹೊರಗೆ ಬೆಂಕಿಯಂಥ ಬಿಸಿಲು. ಆ ಅಹ್ಸಾ ಸೀಮೆಯ ಹೆಸರುವಾಸಿ ಬಿಶ್ತ್ ನಿಲುವಂಗಿಗೆ ಮುದುಕನೊಬ್ಬ ಜರಿ ಹೊಲಿಯುತ್ತಿದ್ದುದನ್ನು ಮೊರಿತಾ ನಿಂತು ನೋಡಿದರು. ಪಕ್ಕದ ಅಂಗಡಿಯವನು ಅರಬ್ಬರು ದಿನಾ ತೊಡುವ ಬಿಳಿ ತೋಬಿನ ಬಟ್ಟೆಯನ್ನು ಅವರ ಮೂಗಿನಡಿ ಚಾಚಿ, "ಯಾಬಾನಿ! ಅಸ್ಲಿ ಯಾಬಾನಿ!" ಎಂದು ಜಪಾನಿನ ಬಟ್ಟೆಯ ಹಿರಿಮೆಯನ್ನು ಜಪಾನಿನವರಿಗೇ ತಿಳಿಸಿಕೊಟ್ಟ. ಮೊರಿತಾ ಗಂಭೀರವಾಗಿ ತಲೆಬಾಗಿದರು.

ಊಟಕ್ಕೆ ಹಸಾವಿ ಕೆಂಪಕ್ಕಿ ಅನ್ನ, ಕುರಿಮಾಂಸ. ಅನ್ನ ನಮ್ಮ ಕುಚ್ಚಲಕ್ಕಿಯ ದೂರದ ನೆಂಟನಂತಿತ್ತು. ತಿನ್ನುತ್ತ ಅವರು ಕಿಮೋನೋದ ವಂಶಾವಳಿ ಹೇಳಿದರು. ಬಹಳ ಹಿಂದೆ ಚೀನಾದ ಅರಮನೆಯ ಉಡುಪು ಕಡಲು ದಾಟಿ ಬಂತಂತೆ. ದೊಡ್ಡ ಮನೆತನದವರು ಪದರದ ಮೇಲೆ ಪದರ ಹೇರಿಕೊಂಡರು. ಕಾಲ ಕಳೆದಂತೆ ಹೊರಗಿನ ಪದರಗಳೆಲ್ಲ ಕಳಚಿ, ಒಳಗೆ ತೊಡುತ್ತಿದ್ದ ಸಣ್ಣ ತೋಳಿನ ಅಂಗಿಯೇ ಹೊರಗಿನ ಉಡುಪಾಯಿತು. ಆಮೇಲೆ ಕೋಟು ಪ್ಯಾಂಟು ಬಂದು ಅದನ್ನೂ ಪೆಟ್ಟಿಗೆಗೆ ಕಳಿಸಿದವು.

"ಅಳತೆಗೆಂದು ನಾವು ಬಟ್ಟೆ ಕತ್ತರಿಸಿ ಬಿಸಾಡುವುದಿಲ್ಲ," ಎಂದರು. "ನೇರ ಪಟ್ಟಿಗಳು, ಕೈಹೊಲಿಗೆ. ಹೆಚ್ಚಿನದನ್ನು ಒಳಗೆ ಮಡಚಿಡುತ್ತೇವೆ. ನನ್ನ ಮಗಳು ಅಮ್ಮನಿಗಿಂತ ಎತ್ತರ. ಊರಿನಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ತೋಳಿನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುತ್ತಾಳೆ."

ನಾನು ತುತ್ತನ್ನು ತಟ್ಟೆಗೇ ಇಳಿಸಿದೆ. ಅಂಗಿಯ ಒಳಮೈ ಕನ್ನಡಿಯಂತಿರಬೇಕು, ಹೆಚ್ಚಿನ ಬಟ್ಟೆ ಒಳಗೆ ಉಳಿಯಬಾರದು ಎಂಬುದು ಹಮೀದನ ಧರ್ಮ. ಫೋನ್ ಮಾಡಿದರೆ ಎತ್ತಲಿಲ್ಲ. ಮೊರಿತಾರನ್ನೂ ಎಬ್ಬಿಸಿಕೊಂಡು ಹೊರಟೆ.

ಮಧ್ಯಾಹ್ನದ ಬಿಡುವಿಗೆ ಎಲ್ಲ ಅಂಗಡಿಗಳೂ ಮುಚ್ಚಿದ್ದವು. ಹಮೀದನ ಶಟರ್ ಮಾತ್ರ ಅರ್ಧ ಮೇಲಿತ್ತು.

"ನಿಮಗೋಸ್ಕರ ಊಟಕ್ಕೂ ಹೋಗ್ಲಿಲ್ಲ," ಎಂದು ನಕ್ಕ. "ಒಳಗೆ ಇಷ್ಟು ಬಟ್ಟೆ ಸುಮ್ನೆ ಮಡಚಿ ಇಟ್ಟಿದ್ರು. ಯಾರೋ ಹೊಸಬರು ಹೊಲಿದದ್ದು ಕಾಣ್ತದೆ. ಎಲ್ಲ ಕತ್ತರಿಸಿ ತೆಗ್ದು ಅಂಚಿಗೆ ಓವರ್‌ಲಾಕ್ ಹೊಲಿಗೆ ಹೊಡ್ದೆ. ಈಗ ಒಳಗೂ ಹೊರಗೂ ಒಂದೇ."

ನಾನು ವಿಷಯ ಹೇಳಿದೆ. ಅವನು ಸ್ಟೂಲಿನ ಮೇಲೆ ಕುಳಿತುಬಿಟ್ಟ.

"ಮಕ್ಕಳು ಬೆಳೀತಾರೆ ಅಂತ ನಮ್ಮ ಉಮ್ಮನೂ ಯೂನಿಫಾರ್ಮಿಗೆ ಒಳಗೆ ಬಟ್ಟೆ ಬಿಡಿಸ್ತಿದ್ರು," ಎಂದ. "ಇಲ್ಲಿ ಯಾರು ಮಾರಾಯ್ರೆ ಬಿಚ್ಚಿ ಹೊಲಿಸುದು? ಈದಿಗೆ ಈದಿಗೆ ಹೊಸತು. ನನಗೆ ಮರ್ತೇ ಹೋಗಿತ್ತು."

ಕತ್ತರಿಸಿದ ಪಟ್ಟಿಗಳು ಮೇಜಿನಡಿ ಬಿದ್ದಿದ್ದವು. ಬೆರಳಗಲದವು, ಯಾವುದಕ್ಕೂ ಸೇರಿಸಲಾಗದವು. ಮೊರಿತಾ ತೋಳನ್ನು ತಿರುವಿ ಬೆರಳಾಡಿಸಿದರು. "ಹೊಲಿಗೆ ಅಚ್ಚುಕಟ್ಟಾಗಿದೆ," ಎಂದು ತಲೆಬಾಗಿದರು. ಹಮೀದನೂ ಬಾಗಿದ. ನಾನೊಬ್ಬನೇ ನೆಟ್ಟಗೆ ನಿಂತರೆ ಸರಿಯಲ್ಲವೆಂದು ನಾನೂ ಬಾಗಿದೆ.

ಖರ್ಜೂರದ ತೋಟಗಳು ಹಿಂದಾಗಿ ಮರಳು ಶುರುವಾದ ಮೇಲೆ ಅವರು ಮಗಳಿಗೆ ಫೋನ್ ಮಾಡಿದರು. ಜಪಾನೀ ಮಾತು, ಚುಟುಕಾಗಿತ್ತು. ಆ ಕಡೆಯ ದನಿ ಏರಿತು. ಅವರು ಫೋನ್ ಇಟ್ಟರು.

"ಹಮೀದ್ ಕತ್ತರಿಸಿದ್ದನ್ನು ಹೇಳಿದಿರಾ?" ಎಂದೆ.

"ಇಲ್ಲ. ಅಮ್ಮನದನ್ನು ಕೊಡಲು ಮನಸ್ಸು ಬರುತ್ತಿಲ್ಲ, ನಾನೇ ಇಟ್ಟುಕೊಳ್ಳುತ್ತೇನೆ ಎಂದೆ."

"ಅವಳು?"

"ವಯಸ್ಸಾದ ಮೇಲೆ ಅಪ್ಪ ಸ್ವಾರ್ಥಿಯಾಗಿದ್ದಾನೆ ಎಂದಳು."

ಹಿಂದಿನ ಸೀಟು ಖಾಲಿಯಿದೆ, ಅಲ್ಲಿಡಿ ಎಂದೆ. ಅಬ್ಕೈಕ್‌ನ ಚಿಮಣಿಗಳು ಕಾಣುವವರೆಗೂ ಅವರು ಗಂಟನ್ನು ಮಡಿಲಿನಿಂದ ಇಳಿಸಲಿಲ್ಲ.