ರಂಗೂನು ಎಷ್ಟು ದೂರ ಉಂಟು?

ಭೂಪಟದಲ್ಲಿ ಎರಡು ನಗರಗಳ ಅಂತರವನ್ನು ಅಳೆಯಲು ಹೊಲಿಗೆಯ ನೂಲಿನಷ್ಟು ವಿಧೇಯವಾದ ಉಪಕರಣ ಇನ್ನೊಂದಿಲ್ಲ. ಎಳೆದಲ್ಲಿಗೆ ಬರುತ್ತದೆ, ಸಮುದ್ರಕ್ಕೆ ಅಂಜುವುದಿಲ್ಲ. ಆಲಂಕಾರು ಎಂಬ ಹಳ್ಳಿಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದ ನಾನು ಏಷ್ಯಾಖಂಡವನ್ನೆಲ್ಲ ನೂಲಿನಲ್ಲೇ ಸುತ್ತಿದವನು. ಮಂಗಳೂರಿನ ಕಡಲನ್ನು ಕಂಡದ್ದೇ ನನ್ನ ಪರಮ ದೇಶಾಟನೆ ಎಂಬ ಗುಟ್ಟು ನಿಮ್ಮಲ್ಲಿರಲಿ.

ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆ ಬೀಪಾತುಮ್ಮನವರದು. ಅವರ ಗಂಡ ಮೊಯ್ದಿನ್ ಬ್ಯಾರಿ ಮದುವೆಯಾದ ಮರುವರ್ಷವೇ ರಂಗೂನಿಗೆ ಹೋಗಿ ಚಹಾದಂಗಡಿ ಇಟ್ಟಿದ್ದರು. ಬಂದುಹೋಗುವವರ ಬಾಯಲ್ಲಿ ಕುಶಲವಾರ್ತೆ ಬರುತ್ತಿತ್ತು, ಒಮ್ಮೊಮ್ಮೆ ರೇಷ್ಮೆಯ ಬಟ್ಟೆಯೂ ಬರುತ್ತಿತ್ತು. ಅವರು ಮಾತ್ರ ಬರುತ್ತಿರಲಿಲ್ಲ. ಒಂದು ಸಂಜೆ ಬೇಲಿಯಾಚೆಯಿಂದ ಆಕೆ ಕೇಳಿದರು: "ಮಾಸ್ಟ್ರೆ, ಮದ್ರಾಸಿಂದ ರಂಗೂನಿಗೆ ಎಷ್ಟು ದೂರ ಉಂಟು?"

ಭೂಪಟ ಬಿಡಿಸಿ ನೂಲೆಳೆದು ತೋರಿಸಿದೆ. ಆಕೆ ಹೆಬ್ಬೆರಳು ಇಟ್ಟಾಗ ಬಂಗಾಳಕೊಲ್ಲಿಯ ಅರ್ಧ ಮುಚ್ಚಿಹೋಯಿತು.

"ಇಷ್ಟೆಯಾ? ಮತ್ತೆ ಎಂತಕ್ಕೆ ಬರುದಿಲ್ಲ ಅವರು?"

"ಹಡಗಿನಲ್ಲೇ ಕೆಲವು ದಿನ ಬೇಕು, ಬೀಪಾತುಮ್ಮ. ಮತ್ತೆ ರೈಲು, ಬಸ್ಸು, ಇಲ್ಲಿ ಹೊಳೆ ದಾಟ್ಲಿಕ್ಕೆ ದೋಣಿ..."

"ದಿನ ಅಲ್ವಾ ಮಾಸ್ಟ್ರೆ, ವರ್ಷ ಅಲ್ಲವಲ್ಲ" ಎಂದು ಒಳಗೆ ಹೋದರು. 'ದೂರ'ಕ್ಕೆ ಒಂದು ಕೊಂಬು ಮೂಡಿದರೆ 'ದೂರು'. ಆಕೆಯ ದೂರಕ್ಕೆ ಆ ಕೊಂಬು ಎಂದೂ ಮೂಡಲಿಲ್ಲ. ಆದರೆ ಪ್ರತಿವರ್ಷ ಮಳೆ ಬಿಟ್ಟೊಡನೆ ಬಂದು ಅದೇ ಪ್ರಶ್ನೆ ಕೇಳುತ್ತಿದ್ದರು, ಈ ನಡುವೆ ಸಮುದ್ರ ಸ್ವಲ್ಪ ಕಿರಿದಾಗಿರಬಹುದು ಎಂಬಂತೆ.

ಅರುವತ್ತರ ದಶಕದಲ್ಲಿ ಬರ್ಮಾ ಸರಕಾರ ಅಂಗಡಿಗಳನ್ನು ವಶಪಡಿಸಿಕೊಂಡಾಗ ನಮ್ಮವರು ಹಡಗು ಹಡಗಾಗಿ ಮರಳತೊಡಗಿದರು. ಮಳೆ ಜಡಿಯುವ ಆಟಿ ತಿಂಗಳ ಒಂದು ಬೆಳಗ್ಗೆ ಪುತ್ತೂರಿನಿಂದ ಬಂದವರೊಬ್ಬರು, ಮೊಯ್ದಿನ್ ಬ್ಯಾರಿ ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆಂದು ಸುದ್ದಿ ತಂದರು. ಬೀಪಾತುಮ್ಮನವರೊಂದಿಗೆ ನಾವು ನಾಲ್ಕಾರು ಮಂದಿ ಕುಮಾರಧಾರೆ ಹೊಳೆಯನ್ನು ದೋಣಿಯಲ್ಲಿ ದಾಟುವ ಕಡವಿಗೆ ಓಡಿದೆವು. ಅಷ್ಟರಲ್ಲಿ ಹೊಳೆ ಏರಿತ್ತು; ದೋಣಿಯವನು ದೋಣಿಯನ್ನು ಮರಕ್ಕೆ ಬಿಗಿದಿದ್ದ.

"ಇವತ್ತು ಆಗುದಿಲ್ಲ ಮಾರಾಯ್ರೆ. ನೀರು ಎಳ್ಕೊಂಡು ಹೋಗ್ತದೆ" ಎಂದ.

ಆಚೆ ದಡದಲ್ಲಿ ಕೊಡೆ ಹಿಡಿದ ಒಬ್ಬ ಮನುಷ್ಯ, ಕಾಲ ಬಳಿ ಒಂದು ಟ್ರಂಕು. ನಾವು ಕೂಗಿದ್ದೆಲ್ಲವನ್ನೂ ಹೊಳೆ ನುಂಗಿತು. ಬೀಪಾತುಮ್ಮ ಕೂಗಲಿಲ್ಲ, ತಲೆವಸ್ತ್ರವನ್ನು ಹಿಂದಕ್ಕೆ ಸರಿಸಿ, ಹಣೆಗೆ ಕೈ ಹಿಡಿದು ದಿಟ್ಟಿಸಿದರು.

"ಅವರೆಯಾ?" ಎಂದೆ.

"ಗೊತ್ತಾಗುದಿಲ್ಲ ಮಾಸ್ಟ್ರೆ" ಎಂದು ಇನ್ನೆರಡು ಹೆಜ್ಜೆ ನೀರಿನತ್ತ ಸರಿದರು.

ಆಗ ಆ ಮನುಷ್ಯ ಸುರಿಯುವ ಮಳೆಯಲ್ಲೇ ಕೊಡೆಯನ್ನು ಮಡಚಿ, ಟೊಪ್ಪಿ ತೆಗೆದು, ಮುಖವೆತ್ತಿ ನಿಂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೀಪಾತುಮ್ಮ ಮೆಲ್ಲಗೆ ಕೈ ಎತ್ತಿದರು, ಅವರೂ ಎತ್ತಿದರು. ಕತ್ತಲಾಗುವವರೆಗೂ ಇಬ್ಬರೂ ಹಾಗೆಯೇ ನಿಂತಿದ್ದರು. ಸಮುದ್ರಗಳನ್ನು ಅಳೆದ ನನಗೆ ಆ ಹೊಳೆಯ ಅಗಲವನ್ನು ಅಂದಾಜಿಸುವ ಧೈರ್ಯವಾಗಲಿಲ್ಲ.

ಮರುದಿನ ನೀರು ಇಳಿದು ದೋಣಿ ಬಿಟ್ಟಿತು. ಮೊಯ್ದಿನ್ ಬ್ಯಾರಿ ಈಚೆಗೆ ಇಳಿದಾಗ ನೆರೆದವರೆಲ್ಲ ಕಣ್ಣೊರೆಸಿಕೊಂಡರು. ಬೀಪಾತುಮ್ಮ ಮಾತ್ರ ಬ್ಯಾರಿ ಭಾಷೆಯಲ್ಲಿ ಗದರಿದರು: "ನಿನ್ನೆ ಕೊಡೆ ಎಂತಕ್ಕೆ ಮಡಚಿದ್ದು? ಶೀತ ಆಗುದಿಲ್ವಾ?"

"ನಿನಗೆ ಗುರ್ತ ಸಿಗ್ಲಿ ಅಂತ."

ಟ್ರಂಕನ್ನು ನಾನೇ ಹೊತ್ತುಕೊಂಡೆ. ಅದರಲ್ಲಿ ಭಾರವೆಂಬುದೇ ಇರಲಿಲ್ಲ. ಮುಂದೆ ಅವರಿಬ್ಬರೂ ನಡೆಯುತ್ತಿದ್ದರು. ದಾರಿಯುದ್ದಕ್ಕೂ ಮೊಯ್ದಿನ್ ಬ್ಯಾರಿ ಸೀನುತ್ತಿದ್ದರು. ಸೀನಿದಾಗಲೆಲ್ಲ ಆಕೆ ನಿಂತು, ತಿರುಗಿ, ಮುಖ ನೋಡಿ, ಮತ್ತೆ ನಡೆಯುತ್ತಿದ್ದರು.