ಜಯಲತಕ್ಕನ ಭಾನುವಾರದ ಬಸಳೆ

ಊರಿಗೆಲ್ಲ ಉಣಬಡಿಸಿದ ಭುಜಂಗಣ್ಣನಿಗೆ ಸ್ವಂತ ಹೆಂಡತಿಗೆ ಯಾವ ತರಕಾರಿ ಇಷ್ಟ ಎಂಬುದು ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಮರಾಠಿ ಸೀಮೆಯ ಕೋಪರಖೈರಣೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಉಡುಪಿ ಕಡೆಯವರು, ಹತ್ತಿರದ ತುರ್ಭೆಯಲ್ಲಿ ಸಣ್ಣ ಹೋಟೆಲು. ತರಕಾರಿ ಎಂದರೆ ಅವರಿಗೆ ಗೋಣಿ ಲೆಕ್ಕ. ಮನೆಗೆ ಬರುತ್ತಿದ್ದದ್ದು ಹೋಟೆಲಿನಲ್ಲಿ ಮಿಕ್ಕಿದ ಬಾಡಿದ ಬೀನ್ಸ್, ಸೊರಗಿದ ಎಲೆಕೋಸು. ಹೋಟೆಲಿನವರ ಮನೆಗಳಲ್ಲಿ ಇದು ಮಾಮೂಲು. ಜಯಲತಕ್ಕ ಅದನ್ನೇ ಬೇಯಿಸುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಜಯಲತಕ್ಕ ಹಾಸಿಗೆ ಹಿಡಿದರು. ಹೊಟ್ಟೆಯ ಕ್ಯಾನ್ಸರ್. ಇನ್ನು ಔಷಧಿಯಿಲ್ಲ, ಬಾಯಿಗೆ ಸೇರಿದ್ದು ಕೊಡಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಏನು ಕೊಟ್ಟರೂ ಅಕ್ಕ ಮುಖ ತಿರುಗಿಸುತ್ತಿದ್ದರು.

"ಎಂತ ಬೇಕು ಹೇಳು ಮಾರಾಯ್ತಿ" ಎಂದು ಭುಜಂಗಣ್ಣ ಗೋಗರೆದರು.

"ಎಂತ ಬೇಡ."

ಒಂದು ತುತ್ತಾದರೂ ತಿನ್ನಲಿ ಎಂದು ಭುಜಂಗಣ್ಣ ಭಾನುವಾರ ಮೈದಾನದಲ್ಲಿ ಕೂಡುವ ರೈತರ ಸಂತೆಗೆ ಹೊರಟರು. ಬಾಗಿಲ ಹಿಂದೆ ನೇತಾಡುತ್ತಿದ್ದ ಅಕ್ಕನ ಚೀಲ ಹಿಡಿದಿದ್ದರು. ನಾನೂ ಜೊತೆಗೆ ಹೋದೆ. ಪುಣ್ಯಾತ್ಮ ಹೋದವರೇ ಒಂದು ಗೋಣಿ ಬೆಂಡೆಕಾಯಿಗೆ ದರ ಕೇಳಿದರು! ನನಗೆ ನಗುವೂ ಬಂತು, ಸಿಟ್ಟೂ ಬಂತು.

ಮುರಬಾಡು ಕಡೆಯ ಹಳ್ಳಿಯಿಂದ ಸೊಪ್ಪು ತರುವ ವಿಮಲಾ ಚೀಲದ ಗುರುತು ಹಿಡಿದಳು. "ಭಾವೂ, ಇದು ಜಯಾತಾಯಿ ಚೀಲ ಅಲ್ವಾ? ಎಲ್ಲಿ ಅವರು? ಎಷ್ಟು ವಾರ ಆಯ್ತು ನೋಡದೆ!" ಎಂದು ಮರಾಠಿಯಲ್ಲಿ ಕೇಳಿದಳು. ಅವರಲ್ಲಿ ಭಾವೂ ಎಂದರೆ ಅಣ್ಣ, ತಾಯಿ ಎಂದರೆ ಅಕ್ಕ.

ಭುಜಂಗಣ್ಣ ಕಾಯಿಲೆಯ ವಿಷಯ ಹೇಳಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಕಟ್ಟು ಬಸಳೆ ತೆಗೆದಳು. "ಪ್ರತಿ ವಾರ ಇದೇ ಒಯ್ಯೋರು. ಬೆಳಿಗ್ಗೆ ಕಿತ್ತಿದ್ದಾ ಅಂತ ಮೂಸಿ ನೋಡೋರು. ಯಜಮಾನರು ಹೋಟೆಲಿಗೆ ಹೋದ ಮೇಲೆ ಒಬ್ಬಳೇ ಮಾಡ್ಕೊಂಡು ಉಣ್ತೀನಿ, ಮನೇಲಿ ತರಕಾರಿ ಇದ್ದೂ ಕೊಂಡೆ ಅಂದರೆ ಅವರಿಗೆ ಬೇಜಾರು ಅಂತಿದ್ದರು."

ಭುಜಂಗಣ್ಣ ಆ ಕಟ್ಟನ್ನು ತಾವೂ ಮೂಸಿ ನೋಡಿದರು. ಸಂಸಾರ ಮಾಡಿದ್ದು ಇವರು, ಅಕ್ಕನ ನಾಲಗೆ ತಿಳಿದದ್ದು ಸೊಪ್ಪು ಮಾರುವವಳು. ಗೋಣಿಗಟ್ಟಲೆ ಕೊಂಡು ಮಿಕ್ಕಿದ್ದನ್ನು ಮನೆಗೆ ತರುವವನಿಗೆ ಯಾರು ಉಣ್ಣುತ್ತಾರೆಂಬ ಚಿಂತೆ ಎಲ್ಲಿದೆ?

ಅಂದು ತಾವೇ ಕಾಯಿ ಅರೆದು ಬಸಳೆ ಹುಳಿ ಮಾಡಿದರು. ವಾಸನೆಗೆ ಅಕ್ಕ ಕಣ್ಣು ತೆರೆದರು. ತುತ್ತು ತುತ್ತಾಗಿ ತಿಂದರು. ನೋಡುತ್ತ ನಿಂತ ನನಗಂತೂ ಹೊಟ್ಟೆ ತುಂಬಿದಂತಾಯಿತು.

"ವಿಮಲನದ್ದಾ?" ಎಂದರು ಮೆಲ್ಲಗೆ. ಭುಜಂಗಣ್ಣ ತಲೆಯಾಡಿಸಿದರು.

"ನೀವೂ ಉಣ್ಣಿ. ಬರುವ ವಾರ ದೊಡ್ಡ ಕಟ್ಟು ತನ್ನಿ. ಇಬ್ಬರಿಗೂ ಆಗ್ತದೆ."

ಆ ಭಾನುವಾರ ಬರುವ ಮೊದಲೇ ಅಕ್ಕ ಹೋಗಿಬಿಟ್ಟರು.

ಉತ್ತರಕ್ರಿಯೆ ಮುಗಿದ ಮೇಲೆ ಭುಜಂಗಣ್ಣ ಮತ್ತೆ ಸಂತೆಗೆ ಹೊರಟರು. ನಾನೂ ಜೊತೆಗೆ ಹೋದೆ. ವಿಮಲಾ ದೂರದಿಂದಲೇ ನಗುತ್ತ, "ತಾಯಿ ತಿಂದರಾ?" ಎಂದು ಕೂಗಿದಳು.

"ತಿಂದಳು" ಎಂದರು ಭುಜಂಗಣ್ಣ. "ದೊಡ್ಡ ಕಟ್ಟು ಕೊಡು. ಇಬ್ಬರಿಗೆ."