ಸೀಳದ ಸಂಪುಟಗಳೂ ರದ್ದಿಗೆ ಹಾಕಿದ್ದ ನಾಟಕವೂ

೧೯೯೮ರ ಜೂನ್‌ನಲ್ಲಿ ಬಿಕ್ಕೋಡು ಹತ್ತಿರದ ಎಸ್ಟೇಟ್ ಬಂಗಲೆಯೊಂದರ ಪುಸ್ತಕಗಳಿಗೆ ನಾನು ಕೊಟ್ಟದ್ದು ಸಾವಿರದ ನೂರು ರೂಪಾಯಿ, ಜೀಪಿನ ಬಾಡಿಗೆ ಬೇರೆ. ಮಾಲೀಕ ಎರಡು ಸಾವಿರ ಕೇಳಿದ್ದ. ಗೆದ್ದಲು ತೋರಿಸಿ ಇಳಿಸಿದೆ. ಆಗ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನನ್ನದು ಹಳೇ ಪುಸ್ತಕದ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಇಂಗ್ಲಿಷ್ ನಾಟಕಗಳಿಗೆ ಅಷ್ಟು ಸುರಿದದ್ದೇಕೆಂದರೆ, ಕಾಲೇಜೊಂದರ ಪ್ರಿನ್ಸಿಪಾಲರು ಮೊದಲೇ ಹೇಳಿಟ್ಟಿದ್ದರು: ಚಿನ್ನದ ಅಕ್ಷರದ ಸೆಟ್ಟು ಬೇಕು, ಬೀರು ತುಂಬಬೇಕು.

ಹನ್ನೆರಡು ಸಂಪುಟ, ಮೊದಲನೇ ಎಲಿಜಬೆತ್ ರಾಣಿಯ ಕಾಲದ ನಾಟಕ, ಪದ್ಯ, ಗದ್ಯ. ಹಾಳೆಗಳ ಅಂಚು ಕೂಡಿಕೊಂಡೇ ಇತ್ತು. ಹಿಂದೆ ಇಂಥ ಪುಸ್ತಕವನ್ನು ಕೊಂಡವನೇ ಚಾಕುವಿನಿಂದ ಸೀಳಿಕೊಂಡು ಓದಬೇಕಿತ್ತು. ನಮ್ಮ ವ್ಯಾಪಾರದಲ್ಲಿ ಸೀಳದ ಪುಸ್ತಕಕ್ಕೆ ಬೆಲೆ ಹೆಚ್ಚು. ಅಂದರೆ, ಯಾರೂ ಓದಿಲ್ಲ ಎನ್ನುವುದಕ್ಕೇ ದುಡ್ಡು! "ಅಮರ ಸಾಹಿತ್ಯ ಕಣ್ರೀ" ಎಂದು ಪ್ರಿನ್ಸಿಪಾಲರು ರಟ್ಟು ಸವರಿ ಒಯ್ದರು. ಅದೇ ವಾರ, ಐಚ್ಛಿಕ ಇಂಗ್ಲಿಷಿಗೆ ಶನಿವಾರದೊಳಗೆ ಹತ್ತು ಜನ ಸೇರದಿದ್ದರೆ ತರಗತಿ ಮುಚ್ಚುವುದಾಗಿ ನೋಟಿಸನ್ನೂ ಹಾಕಿಸಿದರು.

ಅದನ್ನು ಕಲಿಸುತ್ತಿದ್ದವರು ಗಂಡಸಿಯ ರುಕ್ಮಿಣಿ, ಹಂಗಾಮಿ ಉಪನ್ಯಾಸಕಿ. ಒಂಬತ್ತು ಜನ ಸಿಕ್ಕಿದ್ದರು. ತರಗತಿ ಹೋದರೆ ಆಕೆಯ ಕೆಲಸವೂ ಹೋಗುತ್ತಿತ್ತು. ಶುಕ್ರವಾರ ಅಂಗಡಿಗೆ ಬಂದವರು, ಅದೇ ಬಂಗಲೆಯ ಪುಸ್ತಕಗಳಲ್ಲಿ ನಾನು ರದ್ದಿಗೆ ಹಾಕಿದ್ದ, ಅದೇ ಕಾಲದ ಒಂದು ಬಿಡಿ ಇಂಗ್ಲಿಷ್ ನಾಟಕವನ್ನು ಎತ್ತಿಕೊಂಡರು. ಎಸ್ಟೇಟಿನ ಯಾರೋ ಗುಮಾಸ್ತ ಆಳುಗಳಿಂದ ಅದನ್ನು ಆಡಿಸಿರಬೇಕು; ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಅದರ ಮಾತುಗಳ ಕನ್ನಡ, ನಡುವೆ "ಇಲ್ಲಿ ನಿಂಗ ಬಾಗಿಲ ಹಿಂದೆ ನಿಲ್ಲಲಿ, ಕೆಮ್ಮಬಾರದು" ಎಂಬಂಥ ಸೂಚನೆ.

"ಗೀಚಿರೋ ಪುಸ್ತಕ ಯಾಕೆ ಮೇಡಂ?" ಎಂದೆ. " ನಾನೂರು ವರ್ಷದ ಹೆಣ ಅದು. ಗೈಡ್ ಕೊಡ್ತೀನಿ, ತಗೊಳ್ಳಿ."

"ಹೆಣಾನಾ? ಕೇಳಿ ಇಲ್ಲಿ," ಎಂದು ಆಕೆ ನಿಂತಲ್ಲೇ ಆ ಕನ್ನಡವನ್ನು ಗಟ್ಟಿಯಾಗಿ ಓದತೊಡಗಿದರು. ಮಂತ್ರಿಯೊಬ್ಬ ರಾಜನನ್ನು ಹೊಗಳುತ್ತಲೇ ಕೊಲ್ಲಲು ಹೊಂಚುವ ಭಾಗ. ಮಗಳ ಪಿಯುಸಿ ಪುಸ್ತಕ ಮಾರಲು ಬಂದು ನನ್ನೊಡನೆ ಜಗ್ಗಾಡುತ್ತಿದ್ದ ಬಾಣಾವರದ ಕೊಬ್ಬರಿ ವ್ಯಾಪಾರಿ ಸಿದ್ದಪ್ಪ ರೇಟು ಮರೆತು ಕೂತ.

"ಅವ್ನ ಬಾಯ್ ನಂಬ್‌ಬ್ಯಾಡ ಕಣಪ್ಪೋ ರಾಜ! ಥೇಟ್ ನಮ್ ಮಂಡಿ ದಲ್ಲಾಳಿ ಇದ್ದಂಗವ್ನೆ!"

ರುಕ್ಮಿಣಿ ಪುಸ್ತಕ ಮುಚ್ಚಿದರು.

"ಆಮ್ಯಾಕೆ? ಕೊಂದ್ನಾ?"

"ಅದನ್ನ ಕ್ಲಾಸಲ್ಲಿ ಹೇಳ್ತೀನಿ."

"ಭಾರೀ ಗಟ್ಟಿಗಿತ್ತಿ ಕಣಮ್ಮ! ನಾಳೆ ನನ್ ಮಗಳ್ನ ಸೇರಿಸ್ಕೊ. ದಿನಾ ಸಂಜೆ ಬಂದು ನಂಗೇಳ್ಲಿ."

ಶನಿವಾರ ಹತ್ತನೆಯ ಹೆಸರು ಬಿತ್ತು. ತರಗತಿ ಉಳಿಯಿತು, ಆಕೆಯ ಕೆಲಸವೂ ಉಳಿಯಿತು. ರದ್ದಿಗೆ ನಾನೇ ಹಾಕಿದ್ದರಿಂದ ನಾಟಕವನ್ನು ಆಕೆಗೆ ತೂಕದ ಬೆಲೆಗೆ ಕೊಡಬೇಕಾಯಿತು. ಮೂವತ್ತು ವರ್ಷದ ವ್ಯಾಪಾರದಲ್ಲಿ "ಅಮರ" ಎಂದು ಬಾಯಿ ತುಂಬ ಹೇಳಿದವರು ಐದನೇ ಪುಟ ದಾಟಿದ್ದನ್ನು ನಾನು ಕಂಡಿಲ್ಲ.

ನೀವು ಹಳೇ ಪುಸ್ತಕ ಕೊಳ್ಳುವಾಗ ರಟ್ಟು ನೋಡಬೇಡಿ, ಮಾರುವವನ ಮಾತನ್ನಂತೂ ಕೇಳಲೇಬೇಡಿ. ಅಂಗಡಿಯಲ್ಲೇ ಒಂದು ಪುಟ ಗಟ್ಟಿಯಾಗಿ ಓದಿ. ಪಕ್ಕದವನು ತನ್ನ ಬಸ್ಸು ಬಂದರೂ ಏಳದಿದ್ದರೆ, ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟು ತೆಗೆದುಕೊಳ್ಳಿ.